ಬೆಂಗಳೂರಿನ ಹೂಬೀದಿಗಳು, ನಮ್ಮೂರಿನ ಹೊಂಗೆಗಳು

ವಸಂತ ಋತುವನ್ನು ಮೊದಲು ಕಾವ್ಯದಲ್ಲಿ ಕಂಡು, ಅನಂತರ ಮರದಲ್ಲಿ ಕಂಡವರ ಪೀಳಿಗೆ ನಮ್ಮದು. ಮಠದ ಪಾಠಶಾಲೆಯಲ್ಲಿ ಹಳಗನ್ನಡ ಕಾವ್ಯಗಳನ್ನು ಓದುತ್ತಿದ್ದ ಕಾಲದಲ್ಲಿ, ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಋತುವರ್ಣನೆಯೂ ಒಂದೆಂದು ಗುರುಗಳು ಬೋಧಿಸುತ್ತಿದ್ದರು. ಮಾವು, ಸಂಪಿಗೆ, ಸುರಗಿ, ಪಾದರಿ, ಅಶೋಕ ಎಂದು ಹೂಮರಗಳ ಹೆಸರುಗಳನ್ನು ಬಾಯಿಪಾಠ ಮಾಡುತ್ತಿದ್ದೆವು. ತಲೆಯೆತ್ತಿ ಹೊರಗೆ ನೋಡಿದರೆ ಕಾಣುತ್ತಿದ್ದುದು ಬಿಸಿಲಿಗೆ ಕಾದ ಬಂಡೆ, ಜಾಲಿಯ ಮುಳ್ಳು, ಕೊಯ್ಲು ಮುಗಿದು ಬೋಳಾಗಿ ಮಲಗಿದ ಹೊಲ. ಕವಿಗಳ ವಸಂತ ಬೇರೆ ಯಾವುದೋ ದೇಶದ್ದು, ಅದು ದುರ್ಗದ ಸೀಮೆಗೆ ಬರುವುದಿಲ್ಲ ಎಂಬ ಭಾವನೆ ನಮ್ಮ ಭಾಗದ ಅನೇಕರಲ್ಲಿ ಇಂದಿಗೂ ಉಳಿದಿದೆ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ಚಿತ್ರದುರ್ಗವೆಂದರೆ ಕಲ್ಲಿನ ಕೋಟೆ. ಹಿರಿಯೂರೆಂದರೆ ಮಳೆಯ ದಾರಿ ಕಾಯುವ ಕಪ್ಪು ಮಣ್ಣು. ಹೊಸದುರ್ಗದಲ್ಲಿ ತೆಂಗಿನ ತೋಟಗಳಿವೆ, ಹೊಳಲ್ಕೆರೆಯಲ್ಲಿ ಮಳೆ ಒಂದಿಷ್ಟು ಹೆಚ್ಚು. ಆದರೂ ನಾಲ್ಕೂ ತಾಲ್ಲೂಕುಗಳ ರೈತನಿಗೆ ಫಾಲ್ಗುಣ, ಚೈತ್ರಗಳೆಂದರೆ ಕೊಳವೆಬಾವಿಯ ನೀರು ಎಲ್ಲಿಯವರೆಗೆ ಬಂದೀತೆಂಬ ಚಿಂತೆಯ ತಿಂಗಳುಗಳು. ಆಗ ಹೂವನ್ನು ನೋಡುವ ಪುರುಸೊತ್ತು ಯಾರಿಗೆ? ನಮ್ಮವರು ಬೆಂಗಳೂರಿಗೆ ಹೋಗುವುದು ಆಸ್ಪತ್ರೆಗೆ, ಕೋರ್ಟಿಗೆ, ಮದುವೆಗೆ, ಮಕ್ಕಳ ಕಾಲೇಜಿನ ಪ್ರವೇಶಕ್ಕೆ. ಹೂ ನೋಡಲೆಂದೇ ಮನೆಮಂದಿಯೆಲ್ಲ ಬೆಂಗಳೂರಿಗೆ ಹೊರಟರೆಂದರೆ ಊರಿನವರು ನಕ್ಕಾರು.

ನಾವು ಹೊರಟದ್ದು ಮಾತ್ರ ಅದಕ್ಕಾಗಿಯೇ. ಜಯನಗರದಲ್ಲಿರುವ ನಮ್ಮ ಮಗನ ಮನೆಯಿಂದ ಐದನೆಯ ತರಗತಿಯ ಮೊಮ್ಮಗಳು ಫೋನು ಮಾಡಿ, “ಅಜ್ಜ, ನಮ್ಮ ಬೀದಿ ಪೂರ್ತಿ ಗುಲಾಬಿ ಬಣ್ಣ ಆಗಿದೆ. ಒಂದು ವಾರ ಬಿಟ್ಟು ಬಂದ್ರೆ ಎಲ್ಲಾ ಉದುರಿ ಹೋಗಿರುತ್ತೆ” ಎಂದಳು. ಆ ಅವಸರದ ಕರೆಗೆ ಮನೆಯವರು ಸೋತರು. ಹೊಳಲ್ಕೆರೆಯಿಂದ ನಮ್ಮ ಅಕ್ಕ ಮತ್ತು ಆಕೆಯ ಮಗ ದುರ್ಗಕ್ಕೆ ಬಂದರು. ಹೊಸದುರ್ಗದ ಬೀಗರು ಹಿರಿಯೂರಿಗೆ ಬಂದು ನಮ್ಮ ಮಗಳ ಮನೆಯಲ್ಲಿ ಕಾದಿದ್ದರು. ಹೀಗೆ ನಾಲ್ಕೂರಿನ ಬಂಧುಗಳು ಒಂದೇ ಟೆಂಪೊ ಟ್ರಾವೆಲರ್‌ನಲ್ಲಿ ಕೂಡಿದೆವು. ಬೆಳಗಿನ ಲಿಂಗಪೂಜೆ ಮುಗಿಸಿ, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೊಸರನ್ನಗಳ ಬುತ್ತಿ ಕಟ್ಟಿಕೊಂಡು, ಸೂರ್ಯ ಏಳುವ ಮೊದಲೇ ದುರ್ಗ ಬಿಟ್ಟಿದ್ದೆವು.

ದಾರಿಯಲ್ಲಿ

ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್. ನಡುವಯಸ್ಸು ದಾಟಿದವರಿಗೆ ಈ ಹೆದ್ದಾರಿಯ ಹಳೆಯ ರೂಪ ಇನ್ನೂ ನೆನಪಿರಬೇಕು. ಎರಡೂ ಬದಿಗೆ ಹುಣಿಸೆ, ಆಲ, ಬೇವುಗಳು ಕೈ ಚಾಚಿ ನಿಂತಿರುತ್ತಿದ್ದವು. ದೇಶದ ನಾಲ್ಕು ಮಹಾನಗರಗಳನ್ನು ಕೂಡಿಸುವ ಸುವರ್ಣ ಚತುಷ್ಪಥ ಯೋಜನೆ 1999ರಲ್ಲಿ ಆರಂಭವಾಗಿ, ಈ ರಸ್ತೆಯೂ ಅದರಲ್ಲಿ ಸೇರಿ ಅಗಲವಾಯಿತು. ಪ್ರಯಾಣ ಸುಗಮವಾದದ್ದು ನಿಜ. ಸಾಲುಮರಗಳು ಹೋದದ್ದೂ ನಿಜ. ಈಗ ರಸ್ತೆಯ ನಡುವಿನ ವಿಭಜಕದಲ್ಲಿ ಕಣಗಿಲೆ ಬೆಳೆದಿದೆ. ಮರದ ನೆರಳನ್ನು ಅದು ಕೊಡಲಾರದು. ಆದರೆ ಬಿಸಿಲಿಗೂ ಧೂಳಿಗೂ ಜಗ್ಗದೆ ಹೂ ಬಿಡುತ್ತದೆ.

ದುರ್ಗದಿಂದ ಹಿರಿಯೂರಿನತ್ತ ಸಾಗುವಾಗ ಮರಡಿಹಳ್ಳಿಯ ಸೀಮೆ ಸಿಗುತ್ತದೆ. ಅಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಶಿಲೆಗಳಿವೆ. ಬೆಂಕಿಯ ರಸ ನೀರಿನೊಳಗೆ ಉಕ್ಕಿ ತಣಿದಾಗ ಮಾತ್ರ ಕಲ್ಲು ಆ ಆಕಾರ ತಾಳುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ನೀರಿಗೆ ಬಾಯಿಬಿಡುವ ನಮ್ಮ ನೆಲ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತೆಂದು ಹೇಳಿದಾಗ ವಾಹನದಲ್ಲಿದ್ದ ಮಕ್ಕಳು ನಂಬಲಿಲ್ಲ.

ಹಿರಿಯೂರು ದಾಟುವಾಗ ಮಾತು ತಾನಾಗಿಯೇ ಮಾರಿಕಣಿವೆಯತ್ತ ಹೊರಳಿತು. ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರದ ಕಟ್ಟೆಯ ಕೆಲಸ ಆರಂಭವಾದದ್ದು 1898ರಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷಗಳು! ಆ ನೀರನ್ನು ನೋಡಲು ಜಿಲ್ಲೆಯ ಜನ ಜಾತ್ರೆಗೆ ಬಂದಂತೆ ಬಂದಿದ್ದರು. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಹರಿಯಿತು. ಕಟ್ಟೆ ಕಟ್ಟಿದವರಲ್ಲಿ ಒಬ್ಬರೂ ಉಳಿದಿಲ್ಲ, ನೀರು ಉಳಿದಿದೆ. ಇನ್ನೊಬ್ಬರ ಕಾಲಕ್ಕೆಂದು ಇಂದು ಮಾಡಿಡುವ ಕೆಲಸಗಳು ಲೋಕದಲ್ಲಿ ಕೆಲವೇ ಉಂಟು. ಕೆರೆ ಕಟ್ಟಿಸುವುದು ಅವುಗಳಲ್ಲೊಂದು, ಮರ ನೆಡುವುದು ಇನ್ನೊಂದು.

ಮರದ ಮಾತು ಬಂದ ಕೂಡಲೆ ಅಕ್ಕ ಮೌನವಾದಳು. ಕಾರಣ ನಮಗೆ ತಿಳಿದಿತ್ತು. ಹೊಳಲ್ಕೆರೆಯ ಹತ್ತಿರ ಅವರ ಹೊಲದ ಪಡುವಣ ಬದುವಿನ ಮೇಲೆ ಏಳು ಹೊಂಗೆಯ ಮರಗಳಿವೆ. ಆಕೆಯ ಮಾವನವರು ನೆಟ್ಟದ್ದು. ನಮ್ಮ ಸೋದರಳಿಯ ಮೆಕ್ಕೆಜೋಳ ಬಿಟ್ಟು ಅಡಿಕೆ ಹಾಕುವವನಿದ್ದ. ಬದು ಒಡೆದು ನೆಲ ಸಮ ಮಾಡಿದರೆ ಎರಡು ಸಾಲು ಹೆಚ್ಚು ಸಸಿ ಕೂರುತ್ತವೆಂಬುದು ಅವನ ಲೆಕ್ಕ. ಜೆಸಿಬಿಯವನಿಗೆ ಯುಗಾದಿ ಕಳೆದ ಮೇಲೆ ಬಾ ಎಂದು ಹೇಳಿಯೂ ಆಗಿತ್ತು. ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಇಂದು ಇಂತಹ ಲೆಕ್ಕ ನಡೆಯದ ಮನೆ ವಿರಳ. ಸಾಲವಿರುವ ರೈತನನ್ನು ದೂರುವುದು ಸುಲಭ, ಅವನ ಲೆಕ್ಕವನ್ನು ಸುಳ್ಳೆನ್ನುವುದು ಕಷ್ಟ. ಆದುದರಿಂದ ನಾವೂ ಸುಮ್ಮನಿದ್ದೆವು.

ಲಾಲ್‌ಬಾಗಿನ ನೆರಳಿನಲ್ಲಿ

ನಮ್ಮ ಕಡೆಯಿಂದ ಬರುವವರಿಗೆ ಈಗೊಂದು ಅನುಕೂಲವಾಗಿದೆ. ಮೆಟ್ರೊ ರೈಲಿನ ಹಸಿರು ಮಾರ್ಗವು 2024ರಲ್ಲಿ ತುಮಕೂರು ರಸ್ತೆಯ ಮಾದಾವರದವರೆಗೆ ಬೆಳೆದಿದೆ. ಅಲ್ಲಿ ಬಂಧುಗಳ ಮನೆಯ ಮುಂದೆ ವಾಹನ ನಿಲ್ಲಿಸಿ ರೈಲು ಹತ್ತಿದರೆ, ಊರೊಳಗಿನ ವಾಹನಗಳ ಗೊಂದಲವಿಲ್ಲದೆ ಲಾಲ್‌ಬಾಗಿನ ನಿಲ್ದಾಣದಲ್ಲಿ ಇಳಿಯಬಹುದು. ಮಗ, ಸೊಸೆ, ಮೊಮ್ಮಕ್ಕಳು ಅಲ್ಲಿಗೇ ಬಂದು ನಮ್ಮನ್ನು ಕೂಡಿಕೊಂಡರು.

ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿ ಆರಂಭಿಸಿದ, ಟಿಪ್ಪು ಬೆಳೆಸಿದ. ಈಗ ಅದು 240 ಎಕರೆಯ ಸಸ್ಯೋದ್ಯಾನ. 1889ರ ಗಾಜಿನ ಮನೆಯನ್ನೂ, ಆಗಸ್ಟ್ ಮತ್ತು ಜನವರಿ ತಿಂಗಳ ಫಲಪುಷ್ಪ ಪ್ರದರ್ಶನಗಳನ್ನೂ ನಮ್ಮವರು ಬಲ್ಲರು. ಆದರೆ ಪ್ರದರ್ಶನದ ಹೂವು ಕುಂಡಗಳಲ್ಲಿ ತಂದು ಜೋಡಿಸಿದ ಹೂವು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಮರಗಳೇ ನಡೆಸುವ ಪ್ರದರ್ಶನ ಬೇರೆ. ಅದಕ್ಕೆ ಉದ್ಘಾಟನೆಯಿಲ್ಲ, ಭಾಷಣವಿಲ್ಲ.

ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಣ್ಣು ಸೆಳೆಯುವ ಮರ ಟಬೂಬಿಯಾ. ಅದರ ಗುಲಾಬಿ ಬಣ್ಣದ ಜಾತಿಯ ತವರು ಮೆಕ್ಸಿಕೊದಿಂದ ದಕ್ಷಿಣಕ್ಕೆ ಹಬ್ಬಿದ ಅಮೆರಿಕದ ನಾಡುಗಳು. ಎಲ್ ಸಾಲ್ವಡಾರ್ ದೇಶಕ್ಕೆ ಅದು ರಾಷ್ಟ್ರವೃಕ್ಷ. ಹಳದಿ ಹೂವಿನ ಜಾತಿ ದಕ್ಷಿಣ ಅಮೆರಿಕದ್ದು. ಎಲೆಗಳನ್ನೆಲ್ಲ ಉದುರಿಸಿ, ಬರಿಯ ಕೊಂಬೆಗಳ ತುಂಬ ಹೂ ಹೊತ್ತು ನಿಲ್ಲುವುದು ಇವುಗಳ ಸ್ವಭಾವ. ಎಲೆಯ ಮರೆ ಇಲ್ಲದಿದ್ದರೆ ಜೇನುನೊಣಕ್ಕೆ ಹೂವು ದೂರದಿಂದಲೇ ಕಾಣುತ್ತದೆ. ಒಣಹವೆಯೇ ಈ ಮರಗಳಿಗೆ ಹೂ ಬಿಡುವ ಸೂಚನೆ. ಬರಗಾಲದ ಸೀಮೆಯಿಂದ ಬಂದ ನಮಗೆ ಇದು ಹಿಡಿಸಿತು. ಮಳೆಯಿಲ್ಲದ ತಿಂಗಳೇ ಈ ಮರಗಳಿಗೆ ಹಬ್ಬದ ತಿಂಗಳು.

ಇದನ್ನು ಪತ್ರಿಕೆಗಳು ಬೆಂಗಳೂರಿನ ಚೆರ್ರಿ ಹೂವೆಂದು ಬಣ್ಣಿಸುವುದುಂಟು. ಜಪಾನಿನಲ್ಲಿ ಚೆರ್ರಿ ಮರಗಳು ಹೂವಾದಾಗ ಮನೆಮಂದಿಯೆಲ್ಲ ಅದರಡಿ ಚಾಪೆ ಹಾಸಿ ಬುತ್ತಿ ಉಣ್ಣುವ ಸಂಪ್ರದಾಯ ಬಹು ಹಳೆಯದು. ಹೋಲಿಕೆ ಚೆನ್ನಾಗಿದೆ, ಆದರೆ ಕುಲ ಬೇರೆ. ಟಬೂಬಿಯಾದ ಬಂಧುಗಳು ನಮ್ಮಲ್ಲಿಯೇ ಇದ್ದಾರೆ. ಕಾರ್ತಿಕದ ರಾತ್ರಿಗಳಲ್ಲಿ ಬಿಳಿಯ ಹೂ ಸುರಿಸುವ ಆಕಾಶಮಲ್ಲಿಗೆ ಅದೇ ಸಸ್ಯಕುಟುಂಬದ್ದು. ಕಾವ್ಯಗಳಲ್ಲಿ ನಾವು ಹೆಸರು ಮಾತ್ರ ಕಲಿತಿದ್ದ ಪಾದರಿ, ಎಂದರೆ ಸಂಸ್ಕೃತದ ಪಾಟಲ, ಅದೂ ಅದೇ ಕುಟುಂಬದ್ದು. ತುತ್ತೂರಿಯ ಬಾಯಿಯಂತೆ ಅರಳುವ ಆ ಹೂವಿನ ಆಕಾರವೇ ಮನೆತನದ ಗುರುತು. ಉದುರಿದ ಹೂವೊಂದನ್ನು ಅಂಗೈಯಲ್ಲಿಟ್ಟುಕೊಂಡು ಮೊಮ್ಮಗಳಿಗೆ ಇದನ್ನು ವಿವರಿಸಿದಾಗ ಆಕೆ, “ಹಾಗಾದ್ರೆ ಇದು ಪಾದರಿಗೆ ದೊಡ್ಡಪ್ಪನ ಮಗಳಾ ಅಜ್ಜ?” ಎಂದು ಕೇಳಿದಳು. ಸಸ್ಯಶಾಸ್ತ್ರಜ್ಞರು ಇದಕ್ಕಿಂತ ಸರಳವಾಗಿ ಹೇಳಲಾರರು.

ಕೆಂಪೇಗೌಡರ ಗೋಪುರವಿರುವ ಬಂಡೆಯನ್ನೇರಿ ಕುಳಿತು ಬುತ್ತಿ ಬಿಚ್ಚಬೇಕೆಂದು ಮಕ್ಕಳ ಆಸೆ. ಬಂಡೆಯ ಮೇಲೆ ಬಿಸಿಲು. ಆದುದರಿಂದ ಮರದ ಬುಡದಲ್ಲೇ ಕುಳಿತು ಉಂಡು, ಎಲೆ ಕಾಗದಗಳನ್ನು ಕಟ್ಟಿ ಚೀಲದಲ್ಲಿಟ್ಟುಕೊಂಡೆವು. ಅನಂತರ ಬಂಡೆಯ ಬಳಿಗೆ ಹೋದೆವು. ಅದರ ವಯಸ್ಸು ಸುಮಾರು 300 ಕೋಟಿ ವರ್ಷವೆಂದೂ, ಅದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದೂ ತಿಳಿದಾಗ ಹೊಸದುರ್ಗದ ಬೀಗರು, “ಕಲ್ಲು ನೋಡೋಕೆ ದುರ್ಗದೋರು ಬೆಂಗಳೂರಿಗೆ ಬರಬೇಕಾ ಸ್ವಾಮಿ?” ಎಂದು ನಗಿಸಿದರು. ಆದರೆ ಕಲ್ಲಿನ ಪಕ್ಕದಲ್ಲಿಯೇ ಇಷ್ಟೊಂದು ಹಸಿರು ಹೇಗೆ ಬಂತೆಂಬ ಪ್ರಶ್ನೆ ನಗೆಯಾಚೆಗೂ ಉಳಿಯಿತು.

ನೆಟ್ಟವರು

ಆ ಪ್ರಶ್ನೆಗೆ ಉತ್ತರ ಕೆಲವು ಮನುಷ್ಯರ ಬಾಳಿನಲ್ಲಿದೆ. ಬೆಂಗಳೂರಿನ ವಸಂತ ತಾನಾಗಿ ಬಂದುದಲ್ಲ. ಜರ್ಮನಿಯ ಡ್ರೆಸ್ಡನ್ ನಗರದ ಸಮೀಪ 1865ರಲ್ಲಿ ಹುಟ್ಟಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಎಂಬ ತೋಟಗಾರಿಕೆಯ ಪಂಡಿತರು ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡ ಸಂಸ್ಥಾನಕ್ಕೆ ಬಂದರು. 1908ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಕರೆಸಿಕೊಂಡು ಲಾಲ್‌ಬಾಗನ್ನು ವಹಿಸಿತು. ಪರದೇಶಗಳ ಉದ್ಯಾನಗಳೊಡನೆ ಬೀಜ, ಸಸಿಗಳ ವಿನಿಮಯವನ್ನು ಅವರು ಬೆಳೆಸಿದರು. ಅವರ ಹೆಸರಿನೊಡನೆ ಸೇರಿರುವ ಮುಖ್ಯ ವಿಚಾರವೆಂದರೆ ಸರದಿಯ ಹೂವು. ಒಂದು ರಸ್ತೆಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ರಸ್ತೆಯ ಮರ ಆರಂಭಿಸಬೇಕು. ವರ್ಷದ ಯಾವ ತಿಂಗಳಲ್ಲಿಯೂ ಊರು ಹೂವಿಲ್ಲದೆ ಇರಬಾರದು. ಮಹಾಯುದ್ಧದ ಕಾಲದಲ್ಲಿ ಜರ್ಮನರೆಂಬ ಕಾರಣಕ್ಕೆ ಸೆರೆವಾಸವನ್ನೂ ಕಂಡ ಅವರು ಈ ನಾಡನ್ನು ಬಿಟ್ಟು ಹೋಗಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನ ಬಳಿಯ ಒಂದು ರಸ್ತೆಗೆ ಅವರ ಹೆಸರಿದೆ.

ಇನ್ನೊಬ್ಬರು ನಮ್ಮ ಕಾಲದವರೇ. 1980ರ ದಶಕದ ಆರಂಭದಲ್ಲಿ ಬೆಂಗಳೂರು ಬೆಳೆಯುವ ಭರದಲ್ಲಿ ಮರಗಳನ್ನು ಕಳೆದುಕೊಳ್ಳತೊಡಗಿದಾಗ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರಿಗೆ ನಗರದ ಹಸಿರೀಕರಣದ ಹೊಣೆ ಬಂದಿತು. 1982ರಿಂದ ಐದು ವರ್ಷಗಳಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ಅವರ ನೇತೃತ್ವದಲ್ಲಿ ನೆಡಲಾಯಿತು. ಬೀದಿಬದಿಯಲ್ಲಿ ಸಸಿ ನೆಡುವುದು ಕಾಡಿನಲ್ಲಿ ನೆಟ್ಟಂತಲ್ಲ. ದನ ಮೇಯುತ್ತದೆ, ಮಕ್ಕಳು ಮುರಿಯುತ್ತಾರೆ, ಅಂಗಡಿಯವರಿಗೆ ಫಲಕ ಮರೆಯಾಗುತ್ತದೆಂಬ ಸಿಟ್ಟು. ಆದುದರಿಂದ ಆಳೆತ್ತರಕ್ಕೆ ಬೆಳೆದ ಸಸಿಗಳನ್ನೇ ತಂದು, ಸುತ್ತ ಬೇಲಿ ಕಟ್ಟಿ, ಮನೆಯವರನ್ನು ಒಲಿಸಿ ನೀರೆರೆಸಬೇಕು. ನೇಗಿನಹಾಳರು 2021ರಲ್ಲಿ ಕೋವಿಡ್ ಪಿಡುಗಿನ ದಿನಗಳಲ್ಲಿ ತೀರಿಕೊಂಡರು. ಇಂದು ನಾಲ್ಕು ದಶಕ ತುಂಬಿದ ಬೀದಿಮರಗಳ ಕೆಳಗೆ ನಿಂತು ಪಟ ತೆಗೆಸಿಕೊಳ್ಳುವವರಲ್ಲಿ ಎಷ್ಟು ಮಂದಿ ಅವರ ಹೆಸರನ್ನು ಬಲ್ಲರೋ! ಹೆಸರು ಉಳಿಯಲೆಂದು ಅವರು ನೆಟ್ಟವರಲ್ಲ. ನೆಡುವುದು ಅವರಿಗೆ ಕಾಯಕವಾಗಿತ್ತು.

ಕಬ್ಬನ್ ಉದ್ಯಾನದಲ್ಲಿ

ಲಾಲ್‌ಬಾಗಿನಿಂದ ಮತ್ತೆ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕಬ್ಬನ್ ಉದ್ಯಾನಕ್ಕೆ ಬಂದೆವು. 1870ರಲ್ಲಿ ರಿಚರ್ಡ್ ಸ್ಯಾಂಕಿ ಅವರು ರೂಪಿಸಿದ ಈ ಉದ್ಯಾನಕ್ಕೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಅಧಿಕೃತ ಹೆಸರಿಟ್ಟರೂ ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. ಇಲ್ಲಿ ಕೆಂಪು ಬಣ್ಣದ ಗ್ರಂಥಾಲಯದ ಕಟ್ಟಡವೊಂದಿದೆ. ಅದು ಶೇಷಾದ್ರಿ ಅಯ್ಯರ್ ಅವರ ಸ್ಮಾರಕ. ಬೆಳಿಗ್ಗೆ ಮಾರಿಕಣಿವೆಯ ಮಾತಿನಲ್ಲಿ ನೆನೆದ ದಿವಾನರನ್ನು ಸಂಜೆ ಹೂಮರಗಳ ನಡುವೆ ಕಂಡೆವು. ಹಿರಿಯೂರಿನ ಮಗಳು ಅವರ ಪ್ರತಿಮೆಯ ಮುಂದೆ ನಿಂತು ತನ್ನ ಮಕ್ಕಳಿಗೆ, “ನಮ್ಮ ಡ್ಯಾಮು ಕಟ್ಟಿಸೋಕೆ ಶುರು ಮಾಡಿಸಿದೋರು ಇವರೇ, ಕೈ ಮುಗೀರಿ” ಎಂದಳು. ಮಕ್ಕಳು ಮುಗಿದರು.

ಬೆಂಗಳೂರಿನ ಹೂವಿನ ಸರದಿ ಮಾರ್ಚಿಗೆ ಮುಗಿಯುವುದಿಲ್ಲ. ಟಬೂಬಿಯಾ ಉದುರುವ ಹೊತ್ತಿಗೆ ಜಕರಂಡಾ ನೀಲಿಯಾಗುತ್ತದೆ. ಅದೂ ದಕ್ಷಿಣ ಅಮೆರಿಕದ್ದೇ. ಏಪ್ರಿಲ್, ಮೇ ತಿಂಗಳಿಗೆ ಗುಲ್‌ಮೊಹರ್ ಕೆಂಡದಂತಾಗುತ್ತದೆ. ಅದು ಮಡಗಾಸ್ಕರ್ ದ್ವೀಪದಿಂದ ಬಂದದ್ದು. ಇವುಗಳ ನಡುವೆ ನಮ್ಮ ಹೊಂಗೆ, ಕಕ್ಕೆಗಳೂ ಇವೆ. ಉದ್ಯಾನದ ಅಂಚಿನಲ್ಲಿ ಒಂದು ಹೊಂಗೆ ಆಗತಾನೆ ಚಿಗುರಿತ್ತು. ಎಣ್ಣೆ ಸವರಿದಂತೆ ಹೊಳೆಯುವ ಆ ಎಳೆಹಸಿರು ಯಾವ ಹೂವಿಗೂ ಕಡಿಮೆಯದಲ್ಲ. ಅಕ್ಕ ಅದರ ಕೆಳಗಿನ ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟಳು. ಗುಲಾಬಿ ಬಣ್ಣದ ಮರಗಳತ್ತ ಮತ್ತೆ ಹೋಗಲಿಲ್ಲ.

ಸೋದರಳಿಯ ಬಂದು, “ಅವ್ವ, ಇದನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ಇದು ನಮ್ಮ ಹೊಲದಾಗೇ ಐತಲ್ಲ” ಎಂದ.

“ಐತೆ ಕಣಪ್ಪ. ಇನ್ನೆಷ್ಟು ದಿನ ಇರುತ್ತೆ ಅಂತ ನೀನೇ ಹೇಳು” ಎಂದಳು ಅಕ್ಕ.

ಅವನು ನಮ್ಮ ಮುಖ ನೋಡಿದ. “ಮಾವ, ನೀವಾದ್ರೂ ಹೇಳಿ. ಹೂ ನೋಡಿದ್ರೆ ಬ್ಯಾಂಕಿನ ಕಂತು ಕಟ್ಟೋಕಾಗುತ್ತಾ? ಎರಡು ಸಾಲು ಅಡಿಕೆ ಅಂದ್ರೆ ಸುಮ್ನೆ ಮಾತಲ್ಲ.”

ಇದಕ್ಕೆ ಶಾಸ್ತ್ರದಿಂದ ಉತ್ತರ ಕೊಡುವುದು ಸಲ್ಲದು. ಅವನ ಮಾತಿನಲ್ಲಿ ಒಬ್ಬ ಗೃಹಸ್ಥನ ನಿಜವಾದ ಸಂಕಟವಿತ್ತು. ಉತ್ತರ ಕೊಟ್ಟವಳು ಅಕ್ಕನೇ. “ವರ್ಷಾ ವರ್ಷಾ ಮೂಟೆಗಟ್ಟಲೆ ಹಿಂಡಿ ತಂದು ಹಾಕ್ತೀಯಲ್ಲ, ಅದು ಯಾವುದರ ಹಿಂಡಿ? ಹೊಂಗೆದು. ಬದುವಿನ ಮೇಲಿನ ಬೀಜ ಆರಿಸಿ ಗಾಣಕ್ಕೆ ಕೊಟ್ರೆ ಎಣ್ಣೇನೂ ಬರುತ್ತೆ, ಹಿಂಡೀನೂ ಬರುತ್ತೆ. ಪಡುವಣ ಬಿಸಿಲಿಗೆ ಅಡಿಕೆ ಸಸಿ ಸುಡುತ್ತೆ ಅಂತ ಆಚೆ ಹೊಲದೋರು ಸೋಗೆ ಕಟ್ತಾರೆ. ನಿನಗೆ ನಿಮ್ಮ ತಾತ ಏಳು ಮರ ಕಟ್ಟಿಟ್ಟು ಹೋಗಿದಾನೆ. ಅದನ್ನ ಕಿತ್ತು ಹಾಕಿ ಸೋಗೆ ಕಟ್ಟೋದು ಯಾವ ಲೆಕ್ಕ?”

ಅವನು ಮಾತಾಡಲಿಲ್ಲ. ಅಕ್ಕನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಎಳೆಯ ಅಡಿಕೆಗೆ ಪಶ್ಚಿಮದ ಬಿಸಿಲು ವೈರಿ. ಅದಕ್ಕಾಗಿಯೇ ಬಾಳೆಯ ನೆರಳು, ಸೋಗೆಯ ಮರೆ. ಹೊಂಗೆ ದ್ವಿದಳ ಜಾತಿಯ ಮರವಾದುದರಿಂದ ಅದರ ಬೇರು ನೆಲಕ್ಕೆ ಸಾರಜನಕ ಸೇರಿಸುತ್ತದೆ. ಸೊಪ್ಪು ಹಸಿರೆಲೆ ಗೊಬ್ಬರ, ಹಿಂಡಿ ಗೊಬ್ಬರವೂ ಹೌದು, ಹುಳಕ್ಕೆ ತಡೆಯೂ ಹೌದು. ಕರೆಂಟು ಬರುವ ಮೊದಲು ನಮ್ಮ ಹಳ್ಳಿಗಳ ದೀಪ ಉರಿಯುತ್ತಿದ್ದುದು ಅದರ ಎಣ್ಣೆಯಿಂದ. ಹೂವಿಗೆ ಜೇನು ಮುತ್ತುತ್ತದೆ. ಟಬೂಬಿಯಾ ಹೂವಿನಿಂದ ಕಣ್ಣು ತಣಿಯುತ್ತದೆ. ಹೊಂಗೆ ಕಣ್ಣನ್ನೂ ತಣಿಸಿ ಹೊಲವನ್ನೂ ಸಾಕುತ್ತದೆ. ಹಾಗೆಂದು ಒಂದನ್ನು ಹೊಗಳಲು ಇನ್ನೊಂದನ್ನು ತೆಗಳಬೇಕಾಗಿಲ್ಲ. ದೂರದಿಂದ ಬಂದು ನಮ್ಮ ನೆಲದಲ್ಲಿ ಬೇರೂರಿದ ಮರವೂ ನಮ್ಮದೇ.

ಸಂಜೆ ಜಯನಗರದ ಮಗನ ಬೀದಿಯಲ್ಲಿ ನಡೆದೆವು. ನೆಲದ ಮೇಲೆ ಹೂವಿನ ಹಾಸು. ಪೌರಕಾರ್ಮಿಕ ತಾಯಿಯೊಬ್ಬಳು ಆ ಹೂಗಳನ್ನು ಗುಡಿಸಿ ರಾಶಿ ಹಾಕುತ್ತಿದ್ದಳು. ನಮಗೆ ಸೊಬಗಾದದ್ದು ಆಕೆಗೆ ದಿನವೂ ಎರಡು ಬಾರಿಯ ಕೆಲಸ. ನಮ್ಮ ಮನೆಯವರು ಆಕೆಯನ್ನು ಮಾತಾಡಿಸಿ, ಉಳಿದ ರೊಟ್ಟಿ ಚಟ್ನಿಪುಡಿ ಕೊಟ್ಟರು. ಆಕೆ ಪಾವಗಡದ ಕಡೆಯವಳಂತೆ. ಊರಿನಲ್ಲಿ ಮಳೆಯಾಗಿದೆಯೇ ಎಂದು ನಮ್ಮನ್ನೇ ಕೇಳಿದಳು.

ಬೆಂಗಳೂರಿನ ಜನ ಈ ಮರಗಳನ್ನು ಸುಮ್ಮನೆ ಉಳಿಸಿಕೊಂಡಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 2016ರಲ್ಲಿ ಉಕ್ಕಿನ ಮೇಲ್ಸೇತುವೆಗಾಗಿ 800ಕ್ಕೂ ಹೆಚ್ಚು ಮರಗಳು ಬೀಳಲಿವೆ ಎಂಬ ಸುದ್ದಿ ಬಂದಾಗ ಸಾವಿರಾರು ಮಂದಿ ಕೈ ಕೈ ಹಿಡಿದು ರಸ್ತೆಯಲ್ಲಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಆದರೂ ರಸ್ತೆಗೆ, ಮೆಟ್ರೊಗೆ ಎಂದು ಬೇರೆ ಎಷ್ಟೋ ಮರಗಳು ಹೋಗಿವೆ. ನೆಡುವುದು ಒಂದು ಪೀಳಿಗೆಯ ಕೆಲಸವಾದರೆ ಕಾಯುವುದು ಪ್ರತಿ ಪೀಳಿಗೆಯ ಕೆಲಸ.

ನಮ್ಮ ಸೀಮೆಯ ಸರದಿ

ಊರಿಗೆ ಮರಳಿದ ಮೇಲೆ ಕ್ರುಂಬಿಗಲ್ಲರ ಸರದಿಯ ವಿಚಾರ ಮನಸ್ಸಿನಿಂದ ಹೋಗಲಿಲ್ಲ. ದುರ್ಗದ ಸೀಮೆಯಲ್ಲಿ ಅಂತಹ ಸರದಿ ಉಂಟೇ ಎಂದು ತಿಂಗಳ ಪ್ರಕಾರ ಬರೆಯುತ್ತ ಹೋದೆವು. ಉಂಟು.

ಪುಷ್ಯ, ಮಾಘಗಳಲ್ಲಿ ತೋಟಗಳ ಬೇಲಿಯಲ್ಲಿ ಗೊಬ್ಬರದ ಗಿಡ ಎಲೆಯುದುರಿಸಿ ನಸುಗೆಂಪಾಗಿ ಅರಳುತ್ತದೆ. ಅದೂ ಮಧ್ಯ ಅಮೆರಿಕದಿಂದ ಬಂದ ಅತಿಥಿಯೇ. ಕಲ್ಲುಗುಡ್ಡಗಳ ಮೇಲೆ ಅರಿಶಿನ ಬೂರುಗ ಅಂಗೈಯಗಲದ ಹಳದಿ ಹೂ ಬಿಡುತ್ತದೆ. ಮಾಘ, ಫಾಲ್ಗುಣಗಳಲ್ಲಿ ಮುತ್ತುಗ ಕೆಂಡವಾಗುತ್ತದೆ. ಕೆಂಬೂರುಗ ಹಕ್ಕಿಗಳನ್ನು ಕರೆಯುತ್ತದೆ. ಚೈತ್ರಕ್ಕೆ ಹೊಂಗೆ ಮತ್ತು ಬೇವು. ಯುಗಾದಿಯಂದು ಬೆಲ್ಲದೊಡನೆ ನಾವು ಬಾಯಿಗಿಡುವ ಬೇವಿನ ಹೂವು ವಸಂತವಲ್ಲದೆ ಮತ್ತೇನು? ವೈಶಾಖದ ಉರಿಯಲ್ಲಿ ಕಕ್ಕೆ ಬಂಗಾರದ ಗೊಂಚಲುಗಳನ್ನು ಇಳಿಬಿಡುತ್ತದೆ. ಬೀಳು ನೆಲದಲ್ಲಿ ತಂಗಡಿ ಯಾರೂ ನೀರೆರೆಯದಿದ್ದರೂ ಹಳದಿಯಾಗುತ್ತದೆ. ಆಶ್ವಯುಜ, ಕಾರ್ತಿಕಗಳಿಗೆ ಆಕಾಶಮಲ್ಲಿಗೆ. ಇವುಗಳಲ್ಲಿ ಹೆಚ್ಚಿನವು ಒಣಭೂಮಿಗೆ ಒಗ್ಗಿದ ಮರಗಳು. ವಸಂತ ನಮ್ಮ ಸೀಮೆಗೆ ಬರುತ್ತಲೇ ಇದೆ. ಗುಡ್ಡದಲ್ಲೊಂದು, ಬದುವಿನಲ್ಲೊಂದು ಎಂದು ಚದುರಿ ನಿಂತಿರುವುದರಿಂದ ಬೀದಿಯ ಸಾಲಿನಂತೆ ಒಮ್ಮೆಗೇ ಕಣ್ಣು ತುಂಬುವುದಿಲ್ಲ.

ಅಕ್ಕನ ಹೊಲದ ಸುದ್ದಿಯನ್ನು ಕೇಳಬೇಕೆಂದು ವಾಚಕರಿಗೆ ಅನ್ನಿಸಬಹುದು. ಯುಗಾದಿಯ ಮೇಲೆ ಜೆಸಿಬಿ ಬಂದಿತು. ನೀರಿನ ಪೈಪಿಗೂ ಟ್ರ್ಯಾಕ್ಟರಿನ ದಾರಿಗೂ ಅಡ್ಡವಿದ್ದ ಎರಡು ಹೊಂಗೆಗಳು ಹೋದವು. ಐದು ಉಳಿದವು. ಪಡುವಣ ಬದುವನ್ನು ಬಿಟ್ಟು ಮೂಡಣ ಕಡೆಯಿಂದ ನೆಲ ಸಮ ಮಾಡಿಸಿ, ಒಂದು ಸಾಲು ಅಡಿಕೆಯನ್ನು ಕಡಿಮೆ ಹಾಕುವುದೆಂದು ಸೋದರಳಿಯ ತೀರ್ಮಾನಿಸಿದ. ಆ ಎರಡು ಮರಗಳಿಗಾಗಿ ಅಕ್ಕ ಒಂದು ದಿನ ಊಟ ಬಿಟ್ಟಳು. ಮರುದಿನ ಎದ್ದು ಉಳಿದವುಗಳ ಕೆಳಗೆ ಬಿದ್ದ ಹೂವನ್ನು ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿದಳು. ಏಳಕ್ಕೆ ಏಳೂ ಉಳಿದವೆಂದು ಬರೆಯುವ ಆಸೆ ನಮಗೂ ಇತ್ತು. ಸಂಸಾರದಲ್ಲಿ ಲೆಕ್ಕ ಹೀಗೆಯೇ ಇತ್ಯರ್ಥವಾಗುವುದು.

ಈ ಪತ್ರಿಕೆಯನ್ನೋದುವ ಪ್ರತಿಯೊಂದು ಮನೆಯ ಮುಂದೆ ಇಲ್ಲವೇ ಹೊಲದ ಅಂಚಿನಲ್ಲಿ ಒಂದು ಮರಕ್ಕೆ ಸ್ಥಳವಿದ್ದೇ ಇರುತ್ತದೆ. ಮದುವೆ, ನಾಮಕರಣ, ಹಿರಿಯರ ಸ್ಮರಣೆಯ ದಿನ, ಯಾವುದಾದರೂ ಒಂದು ನೆಪ ಸಾಕು. ಒಂದೇ ಬೀದಿಯ ಹತ್ತು ಮನೆಯವರು ಕೂಡಿ ಮಾತಾಡಿಕೊಂಡರೆ, ಒಬ್ಬರು ಹೊಂಗೆ, ಒಬ್ಬರು ಕಕ್ಕೆ, ಒಬ್ಬರು ಆಕಾಶಮಲ್ಲಿಗೆ ಎಂದು ಹಂಚಿಕೊಂಡು ನಮ್ಮೂರಿನಲ್ಲಿಯೇ ಒಂದು ಸರದಿ ಕಟ್ಟಬಹುದು. ಬೇಸಿಗೆಯಲ್ಲಿಯೇ ಗುಂಡಿ ತೋಡಿ ಬಿಸಿಲಿಗೆ ಬಿಡಬೇಕು. ಸಸಿಗಳಿಗೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಮೊದಲೇ ಹೇಳಿಡಬೇಕು. ಮುಂಗಾರಿನ ಹದಮಳೆ ಬಿದ್ದ ವಾರದಲ್ಲಿ ನೆಟ್ಟು, ಸುತ್ತ ಮುಳ್ಳುಬೇಲಿ ಕಟ್ಟಿ, ಮೂರು ಬೇಸಿಗೆ ಕೊಡದಲ್ಲಿ ನೀರೆರೆದರೆ ಸಾಕು. ಹೊಂಗೆಗೆ ಆಮೇಲೆ ಯಾರ ಹಂಗೂ ಬೇಡ. ಅದು ಹೂ ಬಿಡಲು ಐದಾರು ವರ್ಷ ಬೇಕು. ಅಷ್ಟರಲ್ಲಿ ಇಂದು ತೊಟ್ಟಿಲಲ್ಲಿರುವ ಕೂಸು ಶಾಲೆಗೆ ಹೋಗುತ್ತಿರುತ್ತದೆ, ಆ ನೆರಳಿನಲ್ಲಿಯೇ ಚೀಲ ಇಳಿಸಿ ನಿಲ್ಲುತ್ತದೆ.